ಆರ್ ಅಕ್ಷರದ ಹನ್ನೊಂದು ಕಾರುಗಳು

2014ರ ಜೂನ್‌ನಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಮೀಕಮ್ ಕಂಪನಿ ನಡೆಸಿದ ಹರಾಜಿನಲ್ಲಿ ನೀಲಿ ಬಣ್ಣದ, ಚಾವಣಿ ಮಡಚಬಹುದಾದ ಒಂದು ಪ್ಲಿಮತ್ ಹೆಮಿ ಕುಡಾ ಕನ್ವರ್ಟಿಬಲ್ ಕಾರು 35 ಲಕ್ಷ ಡಾಲರ್‌ಗೆ ಮಾರಾಟವಾಯಿತು. ಅದು 1971ರ ಮಾದರಿ. ಅದೇ ವರ್ಷದ, ಅದೇ ಮೈಕಟ್ಟಿನ ಸಾಮಾನ್ಯ ಬ್ಯಾರಾಕುಡಾ ಕನ್ವರ್ಟಿಬಲ್‌ಗೆ ಇದರ ಇಪ್ಪತ್ತರಲ್ಲೊಂದು ಪಾಲು ಸಿಗುವುದೂ ಕಷ್ಟ. ಆ ಸಾಮಾನ್ಯ ಕಾರಿಗೂ ಅದೇ ನೀಲಿ ಬಳಿದು, ಅದೇ ಚಕ್ರ ಹಾಕಿ, ಅದೇ ಪಟ್ಟೆ ಅಂಟಿಸಿ ಎರಡನ್ನೂ ಅಕ್ಕಪಕ್ಕ ನಿಲ್ಲಿಸಿದರೆ ಹತ್ತಡಿ ದೂರದಿಂದ ಬಲ್ಲವರೂ ಗುರುತು ಹಿಡಿಯಲಾರರು. ಹತ್ತಿರ ಹೋಗಿ, ಮುಂಗಾಜಿನ ಮೂಲೆಯಲ್ಲಿ ಚಾಲಕನ ಬದಿಗೆ ಡ್ಯಾಶ್‌ಬೋರ್ಡಿನ ಮೇಲೆ ರಿವೆಟ್ ಹೊಡೆದು ಕೂರಿಸಿದ ಪುಟ್ಟ ಲೋಹದ ಪಟ್ಟಿಯನ್ನು ಓದಬೇಕು. ಅದರಲ್ಲಿ ಅಕ್ಷರ, ಅಂಕಿ ಸೇರಿ ಹದಿಮೂರು ಗುರುತುಗಳಿರುತ್ತವೆ. ಐದನೆಯದು ‘ಆರ್’ ಆಗಿದ್ದರೆ ಕಾರ್ಖಾನೆ ಆ ಕಾರನ್ನು 426 ಹೆಮಿ ಎಂಜಿನ್ ಕೂರಿಸಿಯೇ ಹೊರಗೆ ಕಳಿಸಿತು ಎಂದರ್ಥ. 1971ರಲ್ಲಿ ಹಾಗೆ ಹೊರಬಿದ್ದ ಕುಡಾ ಕನ್ವರ್ಟಿಬಲ್‌ಗಳು ಹನ್ನೊಂದು ಎಂಬುದು ಸಾಮಾನ್ಯವಾಗಿ ಒಪ್ಪಿಕೊಂಡು ಬಂದಿರುವ ಲೆಕ್ಕ.

ಹನ್ನೊಂದೇ ಮಾಡಬೇಕೆಂದು ಯಾರೂ ತೀರ್ಮಾನಿಸಿರಲಿಲ್ಲ. ಸೀಮಿತ ಆವೃತ್ತಿ ಎಂದು ಹೆಸರಿಟ್ಟು ಬೆಲೆ ಏರಿಸುವ ಇಂದಿನ ಪದ್ಧತಿಗೂ ಇದಕ್ಕೂ ಸಂಬಂಧವಿಲ್ಲ. ಕಂಪನಿ ಮಾರಲು ಸಿದ್ಧವಿತ್ತು, ಕೊಳ್ಳುವವರು ಬರಲಿಲ್ಲ. ಏಕೆ ಬರಲಿಲ್ಲ ಎಂಬುದು ಆ ಕಾಲದ ಅಮೆರಿಕದ ಕಥೆ.

ಕಥೆಯನ್ನು ಎಂಜಿನ್‌ನಿಂದಲೇ ಶುರು ಮಾಡಬೇಕು. ಸಿಲಿಂಡರಿನ ತಲೆಯೊಳಗೆ ಇಂಧನ ಉರಿಯುವ ಜಾಗ ಅರ್ಧಗೋಳದ, ಅಂದರೆ ಹೆಮಿಸ್ಫಿಯರ್‌ನ ಆಕಾರದಲ್ಲಿದ್ದುದರಿಂದ ಕ್ರೈಸ್ಲರ್ ಕಂಪನಿಯ ಈ ಎಂಜಿನ್‌ಗೆ ಹೆಮಿ ಎಂಬ ಹೆಸರು ಬಂತು. ಆ ಆಕಾರದಿಂದಾಗಿ ದೊಡ್ಡ ಕವಾಟಗಳನ್ನು ಎದುರುಬದುರಾಗಿ ಓರೆಯಾಗಿಟ್ಟು ಗಾಳಿಯನ್ನು ಸರಾಗವಾಗಿ ಒಳಗೆಳೆದು ಹೊರಬಿಡಬಹುದಿತ್ತು. 426 ಘನ ಇಂಚಿನ, ಅಂದರೆ ಸುಮಾರು ಏಳು ಲೀಟರಿನ ಹೆಮಿ ಮೊದಲು ಕಾಣಿಸಿಕೊಂಡದ್ದು 1964ರ ಫೆಬ್ರವರಿಯ ಡೇಟೋನಾ 500 ರೇಸಿನಲ್ಲಿ. ಆ ಎಂಜಿನ್‌ನ ಕಾರು ಓಡಿಸಿದ ರಿಚರ್ಡ್ ಪೆಟ್ಟಿ ಗೆದ್ದರು. ಮೊದಲ ಮೂರೂ ಸ್ಥಾನ ಕ್ರೈಸ್ಲರ್‌ನದೇ ಬ್ರ್ಯಾಂಡ್ ಆದ ಪ್ಲಿಮತ್ ಪಾಲಾದವು. ಜನಸಾಮಾನ್ಯರಿಗೆ ಸಿಗದ ಎಂಜಿನ್ ರೇಸಿಗೆ ತರಬಾರದೆಂದು ರೇಸು ನಡೆಸುವ ಸಂಸ್ಥೆ ನ್ಯಾಸ್ಕಾರ್ ಮರುವರ್ಷ ಅದಕ್ಕೆ ತಡೆ ಒಡ್ಡಿತು. ಹಾಗಾಗಿ 1966ರಲ್ಲಿ ಕ್ರೈಸ್ಲರ್ ಅದನ್ನೇ ಬೀದಿಯ ಕಾರಿಗೆ ಹೊಂದಿಸಿ ಮಾರಾಟಕ್ಕಿಟ್ಟಿತು. ಎರಡು ಕಾರ್ಬ್ಯುರೇಟರ್, 425 ಅಶ್ವಶಕ್ತಿ, ಆನೆ ಎಂಬ ಅಡ್ಡಹೆಸರಿಗೆ ತಕ್ಕ ಗಾತ್ರ ಮತ್ತು ತೂಕ.

ಅಂಥ ಎಂಜಿನ್ ನುಂಗಬಲ್ಲ ಕಾರನ್ನು 1970ರ ಮಾದರಿಯಾಗಿ ಪ್ಲಿಮತ್ ಹೊರತಂದಿತು. ಜಾನ್ ಹರ್ಲಿಟ್ಜ್ ರೂಪಿಸಿದ ಹೊಸ ಬ್ಯಾರಾಕುಡಾ ಅದು: ಅಗಲ ಹೆಗಲು, ಉದ್ದ ಮೂತಿ, ಗಿಡ್ಡ ಬಾಲ. ಅದರ ಬಿಸಿರಕ್ತದ ಆವೃತ್ತಿಗೆ ಕುಡಾ ಎಂದು ಹೆಸರು. ಹೆಮಿ ಇದ್ದರೆ ಬಾನೆಟ್ಟಿನ ನಡುವಿನ ತೂತಿನಿಂದ ಎಂಜಿನ್ ಮೇಲಿನ ಗಾಳಿಗೂಡು ತಲೆಹಾಕುತ್ತಿತ್ತು; ಅದು ನೇರ ಎಂಜಿನ್‌ಗೇ ಅಂಟಿದ್ದರಿಂದ ವೇಗವರ್ಧಕ ತುಳಿದೊಡನೆ ಅದೂ ಅಲುಗುತ್ತಿತ್ತು. ಶೇಕರ್ ಎಂಬ ಹೆಸರು ಬಂದದ್ದು ಹಾಗೆ. 1971ಕ್ಕೆ ಮುಂಭಾಗಕ್ಕೆ ನಾಲ್ಕು ದೀಪ ಬಂದವು, ಮುಂದಿನ ಫೆಂಡರಿನ ಮೇಲೆ ಮೀನಿನ ಕಿವಿರಿನಂಥ ನಾಲ್ಕು ಗೀರು ಮೂಡಿದವು. ಬೇಕೆಂದವರಿಗೆ ಹಿಂಬದಿಯ ಅಷ್ಟೂ ಪಕ್ಕವನ್ನು ಆವರಿಸುವ ಪಟ್ಟೆಯಲ್ಲಿ ಹೆಮಿ ಎಂದು ಬರೆದು ಕೊಡುತ್ತಿದ್ದರು. ಆ ಒಂದೇ ವರ್ಷದ ಮುಖವನ್ನು ಇವತ್ತಿಗೂ ಅಮೆರಿಕದ ಎಷ್ಟೋ ಕಾರುಪ್ರಿಯರು ಎಲ್ಲಕ್ಕಿಂತ ಚೆಂದ ಎನ್ನುತ್ತಾರೆ. ನನಗೂ ಹಾಗೆಯೇ ಅನಿಸುತ್ತದೆ.

ಆದರೆ 1970ರ ಕೊನೆಯಲ್ಲಿ ಷೋರೂಮಿಗೆ ಬಂದ ಇಪ್ಪತ್ತೈದರ ಹುಡುಗನ ಲೆಕ್ಕ ಬೇರೆ ಇತ್ತು. ಕುಡಾ ಕನ್ವರ್ಟಿಬಲ್‌ನ ಮೂಲಬೆಲೆ 3,400 ಡಾಲರ್ ಆಸುಪಾಸು. ಹೆಮಿ ಬೇಕೆಂದರೆ ಮೇಲೆ ಸುಮಾರು 884 ಡಾಲರ್. ಗೇರ್‌ಬಾಕ್ಸು, ರೇಡಿಯೊ, ಚಕ್ರ ಎಲ್ಲ ಸೇರಿಸಿದರೆ ಕಾರ್ವೆಟ್ ಎಂಬ ಸ್ಪೋರ್ಟ್ಸ್ ಕಾರಿನ ಬೆಲೆಯ ಹತ್ತಿರ ಬರುತ್ತಿತ್ತು. ಅದೇ ಷೋರೂಮಿನಲ್ಲಿ 440 ಘನ ಇಂಚಿನ, ಮೂರು ಕಾರ್ಬ್ಯುರೇಟರಿನ ಇನ್ನೊಂದು ಎಂಜಿನ್ ಇತ್ತು. ರಸ್ತೆಯಲ್ಲಿ ಹೆಮಿಗೆ ಹತ್ತಿರ ಹತ್ತಿರ ಓಡುವ ಅದಕ್ಕೆ ಕೊಡಬೇಕಿದ್ದ ಹೆಚ್ಚುವರಿ ಹಣ ಹೆಮಿಯ ಮೂರನೇ ಒಂದು ಪಾಲಿಗಿಂತ ಕಡಿಮೆ. ಹೆಮಿ ಜೊತೆಗೆ ಏರ್‌ಕಂಡೀಷನರ್ ಕೊಡುತ್ತಲೇ ಇರಲಿಲ್ಲ. ಇವೆಲ್ಲಕ್ಕಿಂತ ದೊಡ್ಡ ಪೆಟ್ಟು ಕೊಟ್ಟದ್ದು ವಿಮೆ. ಹೆಚ್ಚು ಅಶ್ವಶಕ್ತಿಯ ಕಾರು, ಚಿಕ್ಕ ವಯಸ್ಸಿನ ಗಂಡು ಚಾಲಕ ಎರಡೂ ಕೂಡಿದರೆ ವಿಮಾ ಕಂಪನಿಗಳು ಕಂತಿನ ಮೇಲೆ ಭಾರೀ ದಂಡದ ಮೊತ್ತ ಹೇರಲು ಆರಂಭಿಸಿದ್ದವು. ಕಾರಿನ ಸಾಲದ ಕಂತನ್ನು ಹೇಗೋ ಹೊಂದಿಸಿಕೊಂಡವನೂ ವಿಮೆಯ ಎದುರು ಸೋಲುತ್ತಿದ್ದ. ಆ ವಯಸ್ಸಿನ ಎಷ್ಟೋ ಹುಡುಗರು ಆಗ ವಿಯೆಟ್ನಾಂನಲ್ಲಿದ್ದರು ಎಂಬುದನ್ನೂ ಮರೆಯಬಾರದು.

ಇನ್ನೊಂದು ಕಡೆ ಚಾವಣಿ ಮಡಚುವ ಕಾರುಗಳ ಕಾಲವೇ ಮುಗಿಯುತ್ತಿತ್ತು. 1965ರಲ್ಲಿ ಅಮೆರಿಕದಲ್ಲಿ ಐದು ಲಕ್ಷಕ್ಕೂ ಮೀರಿ ಕನ್ವರ್ಟಿಬಲ್ ತಯಾರಾಗಿದ್ದವು. ಆಮೇಲೆ ಪ್ರತಿವರ್ಷ ಇಳಿಕೆ. ಅಂತರರಾಜ್ಯ ಹೆದ್ದಾರಿಗಳಲ್ಲಿ ಗಂಟೆಗೆ ನೂರು ಕಿಲೋಮೀಟರ್ ಮೀರಿ ಓಡುವಾಗ ತೆರೆದ ಕಾರಿನ ಗಾಳಿ, ಸದ್ದು ಸುಖಕ್ಕಿಂತ ಹಿಂಸೆಯೇ ಹೆಚ್ಚು. ಏರ್‌ಕಂಡೀಷನರ್ ಅಗ್ಗವಾಯಿತು. ಮಗುಚಿದ ಕಾರಿನಲ್ಲಿ ಚಾವಣಿ ಇಷ್ಟು ಭಾರ ತಡೆಯಲೇಬೇಕು ಎಂಬ ಕೇಂದ್ರ ಸರಕಾರದ ನಿಯಮ ಬಂದೇ ಬರುತ್ತದೆ, ಆಗ ಬಟ್ಟೆ ಚಾವಣಿಯ ಕಾರಿಗೆ ಉಳಿಗಾಲವಿಲ್ಲ ಎಂಬ ಭಯ ಕಂಪನಿಗಳಲ್ಲಿ ಹಬ್ಬಿತು. 1970ರ ಡಿಸೆಂಬರ್ 31ರಂದು ಅಧ್ಯಕ್ಷ ನಿಕ್ಸನ್ ಶುದ್ಧ ಗಾಳಿ ಕಾಯ್ದೆಗೆ ಸಹಿ ಹಾಕಿದರು. ಹೊಗೆಯನ್ನು ಶೇಕಡಾ 90ರಷ್ಟು ತಗ್ಗಿಸಲು ಕಾರು ತಯಾರಕರಿಗೆ ಅದು ಕೊಟ್ಟದ್ದು ಕೆಲವೇ ವರ್ಷ. ಹೆಮಿಯಂಥ ಎಂಜಿನ್ ಅಂಥ ಕಾಯ್ದೆಯ ಕೆಳಗೆ ಬದುಕುವಂತಿರಲಿಲ್ಲ.

ಹೀಗೆ ಸಾಯುತ್ತಿದ್ದ ಎರಡು ಬಗೆಗಳು ಒಂದೇ ಕಾರಿನಲ್ಲಿ ಕೂಡಿದವು. 1970ರಲ್ಲಿ ಲೋಹದ ಚಾವಣಿಯ ಹೆಮಿ ಕುಡಾ ಹಾರ್ಡ್‌ಟಾಪ್ 652 ತಯಾರಾದರೆ ಕನ್ವರ್ಟಿಬಲ್ 14. ಮರುವರ್ಷ ಎಲ್ಲ ಎಂಜಿನ್‌ಗಳೂ ಸೇರಿ ಕುಡಾ ಕನ್ವರ್ಟಿಬಲ್‌ಗಳೇ 374. ಅವುಗಳಲ್ಲಿ ಹೆಮಿ ಆ ಹನ್ನೊಂದು. ಆ ವರ್ಷಕ್ಕೆ ಬೀದಿಯ ಹೆಮಿಯೂ ನಿಂತಿತು, ಕ್ರೈಸ್ಲರ್ ಕನ್ವರ್ಟಿಬಲ್ಲೂ ನಿಂತಿತು. 1982ರಲ್ಲಿ ಕಂಪನಿಯ ಮುಖ್ಯಸ್ಥ ಲೀ ಐಯಾಕೋಕಾ ಅವರ ಕಾಲದಲ್ಲಿ ಲೆಬ್ಯಾರನ್ ಬರುವವರೆಗೆ ಆ ಕಂಪನಿ ಮತ್ತೆ ಚಾವಣಿ ಮಡಚುವ ಕಾರು ಮಾಡಲಿಲ್ಲ. ಬ್ಯಾರಾಕುಡಾ ಕೂಡ 1974ರ ಏಪ್ರಿಲ್ 1ರಂದು, ಅದು ಹುಟ್ಟಿದ ದಿನದಿಂದ ಸರಿಯಾಗಿ ಹತ್ತು ವರ್ಷಕ್ಕೆ ಕೊನೆಗೊಂಡಿತು.

1973ರ ತೈಲ ಬಿಕ್ಕಟ್ಟಿನ ಮೇಲಂತೂ ಇಂಥ ಕಾರುಗಳಿಗೆ ಗಿರಾಕಿಗಳಿರಲಿಲ್ಲ. ಹಳೆಯ ಕಾರಿನ ಅಂಗಳದಲ್ಲಿ ಚಿಲ್ಲರೆ ಬೆಲೆಗೆ ಬಿದ್ದಿರುತ್ತಿದ್ದವು. ರೇಸಿಗೆ ಹುಚ್ಚೆದ್ದ ಹುಡುಗರು ಎಂಜಿನ್ ಕಿತ್ತು ಬೇರೆ ಕಾರಿಗೆ ಹಾಕಿಕೊಂಡರು, ಮೈಯನ್ನು ಹಿತ್ತಿಲಲ್ಲಿ ತುಕ್ಕಿಗೆ ಬಿಟ್ಟರು. ಹತ್ತು ಹದಿನೈದು ವರ್ಷ ಕಳೆದ ಮೇಲೆ, ಹದಿಹರೆಯದಲ್ಲಿ ಈ ಕಾರು ಕಂಡು ಕನಸಿದವರ ಕೈಗೆ ದುಡ್ಡು ಬಂತು, ಬೆಲೆ ಏರತೊಡಗಿತು. 2006ರಲ್ಲಿ ಅರಿಜೋನಾದ ಸ್ಕಾಟ್ಸ್‌ಡೇಲ್‌ನಲ್ಲಿ ಬ್ಯಾರೆಟ್-ಜ್ಯಾಕ್ಸನ್ ಹರಾಜಿನಲ್ಲಿ 1970ರ ಹೆಮಿ ಕುಡಾ ಕನ್ವರ್ಟಿಬಲ್ ಒಂದು 20 ಲಕ್ಷ ಡಾಲರ್ ದಾಟಿತು. ಬೆಲೆಯ ಬೆನ್ನಿಗೇ ನಕಲಿಯೂ ಬಂತು. ಅಸಲಿ ಯಾವುದು ಎಂಬ ಪ್ರಶ್ನೆ ಆಗ ಒಂದು ವಿದ್ಯೆಯಾಗಿ ಬೆಳೆಯಿತು.

ನಮ್ಮಲ್ಲಿ ಆರ್‌ಟಿಒ ಕಚೇರಿಗೆ ಹೋಗುವ ಮುನ್ನ ಚಾಸಿ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯುವುದನ್ನು ಗಾಡಿ ಇಟ್ಟುಕೊಂಡವರೆಲ್ಲ ಕಂಡಿದ್ದಾರೆ. ಈ ವಿದ್ಯೆಯ ಬೇರೂ ಅಲ್ಲೇ ಇದೆ. ವ್ಯತ್ಯಾಸವೆಂದರೆ ಇಲ್ಲಿ ನಂಬರು ಬರೀ ನಂಬರಲ್ಲ, ಪ್ರತಿ ಗುರುತೂ ಮಾತಾಡುತ್ತದೆ. ‘ಬಿಎಸ್27ಆರ್1ಬಿ’ ಎಂಬ ಆರಂಭವನ್ನೇ ನೋಡಿ. ಬಿ ಎಂದರೆ ಬ್ಯಾರಾಕುಡಾ. ಎಸ್ ಎಂದರೆ ವಿಶೇಷ ದರ್ಜೆ, ಅಂದರೆ ಕುಡಾ. ಸಾಮಾನ್ಯ ಬ್ಯಾರಾಕುಡಾ ಆಗಿದ್ದರೆ ಅಲ್ಲಿ ಎಚ್ ಇರುತ್ತಿತ್ತು. 27 ಎಂದರೆ ಕನ್ವರ್ಟಿಬಲ್. ಲೋಹದ ಚಾವಣಿಯ ಹಾರ್ಡ್‌ಟಾಪಿಗೆ 23. ಆರ್ ಎಂದರೆ ಹೆಮಿ; 318 ಎಂಜಿನ್‌ಗೆ ಜಿ, 340ಕ್ಕೆ ಎಚ್, ಮೂರು ಕಾರ್ಬ್ಯುರೇಟರಿನ 440ಕ್ಕೆ ವಿ. 1 ಎಂದರೆ 1971. ಕೊನೆಯ ಬಿ, ಡೆಟ್ರಾಯಿಟ್ ನಗರ ಸುತ್ತುವರಿದಿರುವ ಹ್ಯಾಮ್‌ಟ್ರ್ಯಾಮಿಕ್ ಎಂಬ ಪುಟ್ಟ ಊರಿನ ಕಾರ್ಖಾನೆ. ಉಳಿದ ಆರು ಅಂಕಿ ಕ್ರಮಸಂಖ್ಯೆ. ಹಾರ್ಡ್‌ಟಾಪಿನ ಚಾವಣಿ ಕೊಯ್ದು ಕನ್ವರ್ಟಿಬಲ್ ಮಾಡಿದರೆ 23 ಬಯಲು ಮಾಡುತ್ತದೆ. ಸಾದಾ ಕುಡಾಗೆ ಎಲ್ಲಿಂದಲೋ ತಂದ ಹೆಮಿ ಕೂರಿಸಿದರೆ ಐದನೆಯ ಅಕ್ಷರ ಬಯಲು ಮಾಡುತ್ತದೆ.

ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸುವುದು ಮಾತ್ರ ಇನ್ನೊಂದು ತಗಡು. ಬಾನೆಟ್ ಎತ್ತಿದರೆ ಚಾಲಕನ ಬದಿಯ ಫೆಂಡರಿನ ಒಳಮೈಗೆ ಎರಡು ಸ್ಕ್ರೂ ಬಿಗಿದು ಕೂರಿಸಿರುತ್ತಾರೆ. ಫೆಂಡರ್ ಟ್ಯಾಗ್ ಎನ್ನುತ್ತಾರೆ ಅದನ್ನು. ಅಂಗೈಗಿಂತ ಚಿಕ್ಕದು, ತೆಳ್ಳಗೆ, ಎಷ್ಟೋ ಸಲ ಅಂಚು ಬಾಗಿರುತ್ತದೆ, ಮೈಯ ಬಣ್ಣವೇ ಅದರ ಮೇಲೂ ಬಿದ್ದಿರುತ್ತದೆ. ಅದನ್ನು ಓದುವುದು ಕೆಳಗಿನ ಸಾಲಿನಿಂದ ಮೇಲಕ್ಕೆ. ಕೆಳಸಾಲಿನಲ್ಲಿ ‘ಇ74’ ಎಂದಿದ್ದರೆ ಹೆಮಿ. ಪಕ್ಕದಲ್ಲಿ ‘ಡಿ21’ ಎಂದಿದ್ದರೆ ನಾಲ್ಕು ಗೇರಿನ ಕೈಗೇರು, ‘ಡಿ32’ ಎಂದಿದ್ದರೆ ಆಟೊಮ್ಯಾಟಿಕ್. ಅದರ ಮೇಲಿನ ಸಾಲಿನಲ್ಲಿ ಬಣ್ಣ, ಒಳಗಿನ ಸೀಟಿನ ಬಗೆ, ಕಾರು ತಯಾರಾಗಬೇಕಿದ್ದ ದಿನ. ತಿಂಗಳು ಒಂಬತ್ತರವರೆಗೆ ಅಂಕಿ. ಅಕ್ಟೋಬರಿಗೆ ಎ, ನವೆಂಬರಿಗೆ ಬಿ, ಡಿಸೆಂಬರಿಗೆ ಸಿ. ‘ಸಿ15’ ಎಂದರೆ ಡಿಸೆಂಬರ್ 15. ಇನ್ನೂ ಮೇಲೆ ಹೋದರೆ ‘ಎನ್96’, ಅದು ಬಾನೆಟ್ಟಿನಿಂದ ತಲೆಹಾಕುವ ಶೇಕರ್. ‘ವಿ3ಎಕ್ಸ್’ ಕಪ್ಪು ಬಟ್ಟೆಯ ಚಾವಣಿ, ‘ವಿ3ಡಬ್ಲ್ಯೂ’ ಬಿಳಿಯದು. ಎಲ್ಲ ಮುಗಿದ ಮೇಲೆ ‘ಎಂಡ್’ ಎಂಬ ಗುರುತು.

ಇದನ್ನು ಮುಂದಿನ ತಲೆಮಾರಿಗೆ ಸಾಕ್ಷಿಯಾಗಿರಲಿ ಎಂದು ಯಾರೂ ಕುಟ್ಟಲಿಲ್ಲ. ಕಾರ್ಖಾನೆಯ ಜೋಡಣೆಯ ಸಾಲಿನಲ್ಲಿ ಬರುವ ಬೆತ್ತಲೆ ಮೈಗೆ ಯಾವ ತೂತು ಕೊರೆಯಬೇಕು, ಯಾವ ಬಣ್ಣ ಹೊಡೆಯಬೇಕು ಎಂದು ಆ ಗದ್ದಲದಲ್ಲಿ ಕೆಲಸಗಾರನಿಗೆ ಗೊತ್ತಾಗಲಿ ಎಂದು ಹಾಕಿದ ಚೀಟಿ ಅದು. ಕಾರು ಗೇಟು ದಾಟಿದ ಮೇಲೆ ಅದರ ಕೆಲಸ ಮುಗಿದಿತ್ತು. ಅದೇ ಬಗೆಯ ಇನ್ನೊಂದು ಚೀಟಿ ಬ್ರಾಡ್‌ಕಾಸ್ಟ್ ಶೀಟ್ ಎಂಬ ಕಾಗದ. ಸಾಲಿನ ಪ್ರತಿ ಹಂತದಲ್ಲೂ ಕೆಲಸಗಾರರು ನೋಡುತ್ತಿದ್ದ ಪಟ್ಟಿ. ಕೆಲಸ ಮುಗಿದಾಗ ಅದನ್ನು ಸೀಟಿನ ಸ್ಪ್ರಿಂಗಿನ ನಡುವೆ, ಕಾರ್ಪೆಟ್ಟಿನ ಕೆಳಗೆ ತುರುಕಿಬಿಡುತ್ತಿದ್ದರು. ಐವತ್ತು ವರ್ಷದ ಮೇಲೆ ಹಿಂದಿನ ಸೀಟು ಬಿಚ್ಚಿದವರಿಗೆ ಇಲಿ ತಿಂದ, ಎಣ್ಣೆ ಕುಡಿದ ಆ ಹಾಳೆ ಸಿಕ್ಕರೆ ಅದು ಕಾರಿನ ಜನ್ಮಪತ್ರ.

ಈ ತಗಡು, ಕಾಗದಗಳಿಗೆ ಇಷ್ಟು ಬೆಲೆ ಬರಲು ಕಾರಣವಿದೆ. ಪಾಂಟಿಯಾಕ್ ಕಾರುಗಳ ಕಾರ್ಖಾನೆಯ ದಾಖಲೆ ಉಳಿದಿದೆ. ಪಾಂಟಿಯಾಕ್ ಹಿಸ್ಟಾರಿಕ್ ಸರ್ವಿಸಸ್‌ಗೆ ನಂಬರು ಕಳಿಸಿದರೆ ಬಿಲ್ಲಿನ ಪ್ರತಿ ಬರುತ್ತದೆ. 1969ರ ಟ್ರಾನ್ಸ್ ಆ್ಯಮ್ ಕನ್ವರ್ಟಿಬಲ್ ಎಂಟೇ ಎಂದು, 1971ರ ಜಿಟಿಒ ಜಡ್ಜ್ ಕನ್ವರ್ಟಿಬಲ್ 17 ಎಂದು ಅಷ್ಟು ಧೈರ್ಯವಾಗಿ ಹೇಳಲು ಆಗುವುದು ಅದರಿಂದಲೇ. ಫೋರ್ಡ್ ಕಂಪನಿಯ 1967ರಿಂದೀಚಿನ ದತ್ತಾಂಶದಿಂದ ಕೆವಿನ್ ಮಾರ್ಟಿ ಸಿದ್ಧಪಡಿಸಿಕೊಡುವ ವರದಿ ಮಸ್ಟ್ಯಾಂಗ್ ಕೊಳ್ಳುವವರಿಗೆ ಆಧಾರ. ಕ್ರೈಸ್ಲರ್ ಬಳಿ 1967ರವರೆಗಿನ ಕಾರುಗಳ ಬಿಡಿ ದಾಖಲೆಗಳಿವೆ, ಆಮೇಲಿನವು ಉಳಿದಿಲ್ಲ. ಹೆಮಿ ಕುಡಾ ಹುಟ್ಟಿದ್ದು ಆ ಕತ್ತಲ ಅವಧಿಯಲ್ಲಿ. ಹ್ಯಾಮ್‌ಟ್ರ್ಯಾಮಿಕ್‌ನ ಕಾರ್ಖಾನೆಯನ್ನು 1980ರ ಜನವರಿಯಲ್ಲಿ ಮುಚ್ಚಿ ಮರುವರ್ಷ ಕೆಡವಿದರು. ಕಾರಿನ ಮೈಯನ್ನೇ ಕೇಳದೆ ಬೇರೆ ದಾರಿ ಇಲ್ಲ.

ಮೈಗೆ ನೆನಪೂ ಚೆನ್ನಾಗಿದೆ. ಕ್ರಮಸಂಖ್ಯೆಯನ್ನು ಕಾರ್ಖಾನೆಯವರು ರೇಡಿಯೇಟರ್ ಹಿಡಿದಿಡುವ ಚೌಕಟ್ಟಿನ ಮೇಲೂ, ಎಂಜಿನ್ ಕೋಣೆಯ ಹಿಂಗೋಡೆಯ ಮೇಲಂಚಿನಲ್ಲಿ ರಬ್ಬರಿನ ಅಡಿಯಲ್ಲೂ ಕುಟ್ಟುತ್ತಿದ್ದರು. ಎಂಜಿನ್ ಬ್ಲಾಕಿನ ಮೇಲೆ ಒಮ್ಮೆ, ಗೇರ್‌ಬಾಕ್ಸಿನ ಮೇಲೆ ಒಮ್ಮೆ. ಬ್ಲಾಕು ಎರಕ ಹೊಯ್ದ ದಿನಾಂಕ ಬೇರೆ ಇರುತ್ತದೆ. ಅದು ಕಾರಿನ ದಿನಾಂಕಕ್ಕಿಂತ ಹಿಂದಿನದಾಗಿರಲೇಬೇಕು. ಡ್ಯಾಶ್‌ಬೋರ್ಡಿನ ಪಟ್ಟಿಯ ರಿವೆಟ್ಟುಗಳ ತಲೆ ಹೂವಿನ ದಳದಂತೆ ಇರುತ್ತದೆ. ದುಂಡು ತಲೆಯ ಮಾಮೂಲಿ ರಿವೆಟ್ ಕಂಡರೆ ಆ ಪಟ್ಟಿ ಇನ್ನೆಲ್ಲಿಂದಲೋ ಬಂದಿರಬಹುದು. ಹಾಗೆ ನಂಬರು ಬದಲಿಸುವುದು ಅಮೆರಿಕದ ಕೇಂದ್ರ ಕಾನೂನಿನಲ್ಲಿ ಅಪರಾಧ. ಕನ್ವರ್ಟಿಬಲ್‌ನ ತಳವೂ ಬೇರೆ. ಚಾವಣಿ ಇಲ್ಲದ ಮೈ ಬಳುಕದಂತೆ ಬಾಗಿಲ ಕೆಳಗಿನ ಉದ್ದ ಪೆಟ್ಟಿಗೆಗೆ ಒಳಗಿಂದ ಬಲ ಕೊಟ್ಟಿರುತ್ತಾರೆ. ಮಡಚಿದ ಚೌಕಟ್ಟು ಕೂರುವ ಜಾಗದಲ್ಲಿ ಹಿಂಸೀಟಿನ ಪಕ್ಕದ ಲೋಹವೇ ಬೇರೆ ಆಕಾರದ್ದು. ನಾಲ್ಕು ಗೇರಿನ ಹೆಮಿಯಾದರೆ ಹಿಂದೆ ಡೇನಾ 60 ಎಂಬ ದಪ್ಪ ಆ್ಯಕ್ಸಲ್ ಇರಬೇಕು. ಪರೀಕ್ಷಕ ಹುಡುಕುವುದು ಇವೆಲ್ಲ ಒಂದೇ ಕಥೆ ಹೇಳುತ್ತವೆಯೇ ಎಂಬುದನ್ನು. ಯಾವುದಾದರೂ ಒಂದನ್ನು ನಕಲು ಮಾಡಬಹುದು. ಎಲ್ಲವೂ ಒಂದಕ್ಕೊಂದು ಒಪ್ಪುವಂತೆ ನಕಲು ಮಾಡುವುದು ಬಹಳ ಕಷ್ಟ.

ಇಲ್ಲೊಂದು ವಿಷಯ ಹೊಸಬರನ್ನು ಗಲಿಬಿಲಿಗೊಳಿಸುತ್ತದೆ. ‘ಆರ್’ ಕಾರಿನ ಮೂಲ ಎಂಜಿನ್ ರೇಸಿನಲ್ಲಿ ಸಿಡಿದುಹೋಗಿ, ಈಗ ಬೇರೊಂದು ಹೆಮಿ ಇದ್ದರೂ ಅದು ಹೆಮಿ ಕುಡಾವೇ. ಬೆಲೆ ತಗ್ಗಬಹುದು, ಹುಟ್ಟು ಬದಲಾಗದು. ಐದನೆಯ ಅಕ್ಷರ ‘ಎಚ್’ ಇರುವ ಕಾರಿನಲ್ಲಿ ನೂರಕ್ಕೆ ನೂರು ಅಸಲಿ ಹೆಮಿ ಎಂಜಿನ್ ಕೂರಿಸಿದ್ದರೂ ಅದು ಹೆಮಿ ಕುಡಾ ಆಗದು. ಮಾರುವವನು ಅದನ್ನು ಬಾಯಿಬಿಟ್ಟು ಹೇಳಿದರೆ ಅದರಲ್ಲಿ ತಪ್ಪೇನೂ ಇಲ್ಲ, ಓಡಿಸುವ ಸಂತೋಷವೂ ಕಡಿಮೆಯಲ್ಲ.

ತೆರೆಯ ಮೇಲೆ ಅಂಥದ್ದನ್ನು ಕೋಟ್ಯಂತರ ಜನ ನೋಡಿದ್ದಾರೆ. 1996ರಿಂದ 2001ರವರೆಗೆ ಓಡಿದ ‘ನ್ಯಾಶ್ ಬ್ರಿಜಸ್’ ಧಾರಾವಾಹಿಯಲ್ಲಿ ನಟ ಡಾನ್ ಜಾನ್ಸನ್ ಸ್ಯಾನ್ ಫ್ರಾನ್ಸಿಸ್ಕೊದ ಏರುಬೀದಿಗಳಲ್ಲಿ ಹಳದಿ ಬಣ್ಣದ 1971ರ ಹೆಮಿ ಕುಡಾ ಕನ್ವರ್ಟಿಬಲ್ ಓಡಿಸುತ್ತಾರೆ. ಚಿತ್ರೀಕರಣಕ್ಕೆ ಬಳಸಿದ್ದು ಬೇರೆ ಎಂಜಿನ್‌ಗಳ ಸಾದಾ ಕಾರುಗಳಿಗೆ ಆ ವೇಷ ತೊಡಿಸಿದ್ದನ್ನು. ಅದಕ್ಕೂ ಹಿಂದೆ ಇದೇ ನಟ ‘ಮಯಾಮಿ ವೈಸ್’ನಲ್ಲಿ ಕಪ್ಪು ಫೆರಾರಿ ಡೇಟೋನಾ ಸ್ಪೈಡರ್ ಓಡಿಸಿದ್ದರು. ಫೆರಾರಿ 1,400ರ ಆಸುಪಾಸು ಮಾಡಿದ ಡೇಟೋನಾಗಳಲ್ಲಿ ಕಾರ್ಖಾನೆಯೇ ಚಾವಣಿ ಇಲ್ಲದೆ ಕೊಟ್ಟವು 122 ಮಾತ್ರ. ಅದೂ ಅಪರೂಪದ ಜಾತಿಯೇ. ತೆರೆಯ ಮೇಲಿನದು ಕಾರ್ವೆಟ್ಟಿನ ಚಾಸಿಯ ಮೇಲೆ ಮ್ಯಾಕ್‌ಬರ್ನಿ ಎಂಬ ಸಂಸ್ಥೆ ಕಟ್ಟಿದ ಪ್ರತಿಕೃತಿ. ಫೆರಾರಿ ನ್ಯಾಯಾಲಯದ ಮೆಟ್ಟಿಲು ಹತ್ತಿತು. ಮುಂದೆ ಧಾರಾವಾಹಿಗೆ ಬಿಳಿಯ ಅಸಲಿ ಟೆಸ್ಟಾರೋಸಾ ಬಂತು. ಡೇಟೋನಾ ಕೂಪೆಗಳ ಚಾವಣಿ ಕೊಯ್ದು ಸ್ಪೈಡರ್ ಮಾಡಿಕೊಡುವ ಕೆಲಸವನ್ನು ಕ್ಯಾಲಿಫೋರ್ನಿಯಾದ ರಿಚರ್ಡ್ ಸ್ಟ್ರಾಮನ್ ಅಂಥವರು ಬಹಿರಂಗವಾಗಿಯೇ, ಅಚ್ಚುಕಟ್ಟಾಗಿಯೇ ಮಾಡುತ್ತಿದ್ದರು. ಅಲ್ಲೂ ತೀರ್ಪು ಕೊಡುವುದು ಚಾಸಿ ಸಂಖ್ಯೆಯೇ.

ನನ್ನ ಸಿಟ್ಟು ಇರುವುದು ಬಾಯಿಬಿಡದ ನಕಲಿಯ ಮೇಲೆ. ಹೊಸದಾಗಿ ಕುಟ್ಟಿಸಿದ ಫೆಂಡರ್ ಟ್ಯಾಗು, ಹಳತಾಗಿ ಕಾಣಲು ಚಹಾದಲ್ಲಿ ಅದ್ದಿದ ಕಾಗದ ಇಟ್ಟುಕೊಂಡು ಹದಿಮೂರನೆಯ, ಹದಿನಾಲ್ಕನೆಯ ಕಾರನ್ನು ಹುಟ್ಟಿಸುವವರು ಕೊಳ್ಳುವವನ ಹಣವನ್ನಷ್ಟೇ ಕದಿಯುವುದಿಲ್ಲ. 1971ರಲ್ಲಿ ಒಂದು ದೇಶ ಏನನ್ನು ಕೊಳ್ಳಲು ಹಿಂಜರಿಯಿತು ಎಂಬ ಲೆಕ್ಕವನ್ನೇ ಕೆಡಿಸುತ್ತಾರೆ. ಆ ಲೆಕ್ಕ ಮೊದಲೇ ಸೂಕ್ಷ್ಮವಾದದ್ದು: ಕೆನಡಾಕ್ಕೆ, ಫ್ರಾನ್ಸಿಗೆ ಹೋದ ಕಾರುಗಳನ್ನು ಸೇರಿಸಿಯೇ ಹನ್ನೊಂದು, ಹನ್ನೆರಡು ಎನ್ನುವವರೂ ಇದ್ದಾರೆ.

ಮೋಸ ಮಾಡುವ ಮನಸ್ಸಿಲ್ಲದವರೂ ಸಾಕ್ಷಿ ಅಳಿಸುವುದುಂಟು. ದುರಸ್ತಿಗೆ ಬಂದ ಮೈಗೆ ಮರಳು ಹೊಡೆದು ತುಕ್ಕು ಬಿಡಿಸುವಾಗ, ರೇಡಿಯೇಟರ್ ಚೌಕಟ್ಟಿನ ಮೇಲೆ ತೆಳ್ಳಗೆ ಕುಟ್ಟಿದ ಅಂಕಿಗಳು ಸವೆದುಹೋಗುತ್ತವೆ. ಅವುಗಳ ಮೇಲೆ ದಪ್ಪಗೆ ಪ್ರೈಮರ್ ಬಳಿದರೆ ಇದ್ದದ್ದೂ ಮುಚ್ಚುತ್ತದೆ. ಬಾಗಿದ ಟ್ಯಾಗನ್ನು ನೆಟ್ಟಗೆ ಮಾಡಿ ಹೊಳೆಯುವ ಬಣ್ಣ ಹಚ್ಚಿದರೆ, ಮೊದಲ ದಿನ ಅದರ ಮೇಲೆ ಬಿದ್ದಿದ್ದ ಬಣ್ಣ, ಸ್ಕ್ರೂ ಸುತ್ತಲಿನ ಗೆರೆ ಹೋಗಿಬಿಡುತ್ತವೆ. ಒಳ್ಳೆಯ ಕಾರ್ಯಾಗಾರಗಳಲ್ಲಿ ಈಗ ಕಾರು ಬಿಚ್ಚುವ ಮುನ್ನ ಪ್ರತಿ ಅಂಕಿಯನ್ನೂ ಓರೆಬೆಳಕಿನಲ್ಲಿ ಹತ್ತಿರದಿಂದ ಫೋಟೊ ತೆಗೆದಿಡುತ್ತಾರೆ, ಟ್ಯಾಗನ್ನು ಇದ್ದಂತೆಯೇ ಬಿಡುತ್ತಾರೆ, ಹಿಂಸೀಟಿನ ಹತ್ತಿಯನ್ನು ಎಸೆಯುವ ಮುನ್ನ ಬೆರಳಾಡಿಸಿ ಹುಡುಕುತ್ತಾರೆ.